ಕೋನಂಟ್ ಕಾಗದಪತ್ರಗಳಲ್ಲಿ ಬಾಂಬ್ ಎಲ್ಲಿ ಹೋಯಿತು?

ಪ್ರಶ್ನೆ: ನಾನು ಇತಿಹಾಸದಲ್ಲಿ ಪಿಎಚ್‌ಡಿ ಮಾಡುತ್ತಿದ್ದೇನೆ. ವಿಶ್ವವಿದ್ಯಾಲಯ ನಡೆಸಿದವರು ಸರ್ಕಾರದ ಕೆಲಸಕ್ಕೂ ಹೋದಾಗ ಏನಾಗುತ್ತದೆ ಅನ್ನುವುದು ನನ್ನ ವಿಷಯ. ಹಾರ್ವರ್ಡ್‌ನ ಅಧ್ಯಕ್ಷರಾಗಿದ್ದ ಜೇಮ್ಸ್ ಬ್ರಯಂಟ್ ಕೋನಂಟ್ ಅವರನ್ನು ಒಂದು ಅಧ್ಯಾಯಕ್ಕೆ ತೆಗೆದುಕೊಂಡಿದ್ದೇನೆ. ಅವರ ವೈಯಕ್ತಿಕ ಕಾಗದಪತ್ರಗಳು ಹಾರ್ವರ್ಡ್‌ನ ಆರ್ಕೈವ್ಸ್‌ನಲ್ಲಿ ಇವೆ. ಆನ್‌ಲೈನ್ ಪಟ್ಟಿ ನೋಡಿದೆ. ಅವರು ಅಣುಬಾಂಬ್ ಯೋಜನೆಯ ಮುಖ್ಯಸ್ಥರಲ್ಲಿ ಒಬ್ಬರು, ಆದರೆ ಪಟ್ಟಿಯಲ್ಲಿ ಬಾಂಬಿನ ಸುದ್ದಿ ಕಡಿಮೆ. ಬೇಕಂತಲೇ ತೆಗೆದಿದ್ದಾರಾ? ಕೆಲವು ಬಾಕ್ಸ್ ಇನ್ನೂ ಯಾಕೆ ಮುಚ್ಚಿವೆ? ಅಮೆರಿಕಕ್ಕೆ ಹೋಗುವಷ್ಟು ದುಡ್ಡಿಲ್ಲ, ಇಲ್ಲಿಂದ ಎಷ್ಟು ಮಾಡಬಹುದು?

ಉತ್ತರ: ಯಾರೋ ತೆಗೆದಿದ್ದಾರೆ ಅನ್ನುವ ಅನುಮಾನ ಎಲ್ಲರಿಗೂ ಮೊದಲು ಬರುತ್ತದೆ. ಇಲ್ಲಿ ಅದು ಬೇಕಾಗಿಲ್ಲ. ನೀವು ಹುಡುಕುತ್ತಿರುವ ಜಾಗ ಬೇರೆ, ಅಷ್ಟೇ. ಇಂಥವರ ಕಾಗದ ಮನುಷ್ಯನ ಹಿಂದೆ ಹೋಗುವುದಿಲ್ಲ, ಕುರ್ಚಿಯ ಹಿಂದೆ ಹೋಗುತ್ತದೆ. ಯಾವ ಕುರ್ಚಿಯಲ್ಲಿ ಕೂತು ಬರೆದರೋ ಆ ಕಚೇರಿಯ ಕಡತಕ್ಕೆ ಸೇರಿತು. ಕೋನಂಟ್ ಕೂತ ಕುರ್ಚಿಗಳು ಹಲವು. ಹಾಗಾಗಿ ಅವರ ಕಾಗದಗಳೂ ಊರೂರಿಗೆ ಹಂಚಿಹೋಗಿವೆ. ಅಣ್ಣತಮ್ಮಂದಿರು ಆಸ್ತಿ ಪಾಲು ಮಾಡಿಕೊಂಡ ಮೇಲೆ ಒಬ್ಬರ ಕೋಣೆಯಲ್ಲಿ ನಿಂತು ಇಡೀ ಮನೆಯ ಸಾಮಾನು ಹುಡುಕಿದರೆ ಸಿಗುತ್ತದಾ?

ಮೊದಲು ಅವರು ಎಲ್ಲೆಲ್ಲಿ ಇದ್ದರು ಅನ್ನುವುದನ್ನು ವರ್ಷದ ಸಮೇತ ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಹುಟ್ಟಿದ್ದು 1893, ಬಾಸ್ಟನ್ನಿನ ಡಾರ್ಚೆಸ್ಟರ್. ರಸಾಯನ ವಿಜ್ಞಾನಿ. 1933ರಿಂದ 1953ರವರೆಗೆ ಹಾರ್ವರ್ಡ್ ಅಧ್ಯಕ್ಷ. ನಮ್ಮಲ್ಲಿ ವಿಸಿ ಮಾಡುವ ಕೆಲಸ, ಆದರೆ ಅಧಿಕಾರ ಇನ್ನೂ ಜಾಸ್ತಿ. 1940ರಲ್ಲಿ ರಾಷ್ಟ್ರೀಯ ರಕ್ಷಣಾ ಸಂಶೋಧನಾ ಸಮಿತಿಗೆ ಸೇರಿದರು, 1941ರಿಂದ ಅದರ ಅಧ್ಯಕ್ಷರು. ಸರ್ಕಾರದ ಯುದ್ಧಕಾಲದ ಸಂಶೋಧನಾ ಕಚೇರಿಯ ಮುಖ್ಯಸ್ಥ ವೆನಿವರ್ ಬುಷ್ ಜೊತೆ ಅಣುಬಾಂಬ್ ಕೆಲಸದ ಮೇಲ್ವಿಚಾರಣೆ ಮಾಡಿದ್ದು ಈ ಕುರ್ಚಿಯಿಂದ. ಯುದ್ಧ ಮುಗಿದ ಮೇಲೆ ಅಣುಶಕ್ತಿ ಆಯೋಗದ ಸಲಹಾ ಸಮಿತಿ. 1953ರಲ್ಲಿ ಹಾರ್ವರ್ಡ್ ಬಿಟ್ಟು ಪಶ್ಚಿಮ ಜರ್ಮನಿಗೆ ಅಮೆರಿಕದ ಹೈ ಕಮಿಷನರ್ (ಯುದ್ಧದ ನಂತರ ಅಲ್ಲಿನ ಆಡಳಿತದ ಮೇಲೆ ಕಣ್ಣಿಡಲು ಅಮೆರಿಕ ನೇಮಿಸಿದ್ದ ಅಧಿಕಾರಿ), 1955ರಿಂದ 1957ರವರೆಗೆ ಅಲ್ಲೇ ರಾಯಭಾರಿ. ಆಮೇಲೆ ಅಮೆರಿಕದ ಹೈಸ್ಕೂಲುಗಳ ಅಧ್ಯಯನ. ತೀರಿಕೊಂಡದ್ದು 1978ರಲ್ಲಿ.

ಇಲ್ಲಿ ಒಂದು ವಿಷಯ ಗಮನಿಸಿ. 1940ರಿಂದ ಯುದ್ಧ ಮುಗಿಯುವ ತನಕ ಅವರು ಎರಡು ಕುರ್ಚಿಯಲ್ಲಿ ಒಟ್ಟಿಗೆ ಕೂತಿದ್ದರು. ಹಾರ್ವರ್ಡ್ ಬಿಟ್ಟಿರಲಿಲ್ಲ. ಕ್ಯಾಂಪಸ್ಸಿನ ದಿನನಿತ್ಯದ ಭಾರ ಬಹುಪಾಲು ಡೀನ್ ಪಾಲ್ ಬಕ್ ಹೊತ್ತರು, ಅಧ್ಯಕ್ಷರು ವಾಷಿಂಗ್ಟನ್ನಿಗೆ ಓಡಾಡುತ್ತಿದ್ದರು. ನಿಮ್ಮ ಅಧ್ಯಾಯದ ಜೀವ ಇರುವುದು ಈ ಐದು ವರ್ಷಗಳಲ್ಲೇ ಅಂತ ನನಗನ್ನಿಸುತ್ತದೆ. ಕಾಗದ ಹುಡುಕುವುದು ಕಷ್ಟವಾಗುವುದೂ ಇಲ್ಲೇ.

ಹಾರ್ವರ್ಡ್‌ನಲ್ಲೇ ಎರಡು ಬೇರೆ ಬೇರೆ ಸಂಗ್ರಹ ಇವೆ. ಹೊರಗಿನವರು ಇವನ್ನು ಕಲಸಿಬಿಡುತ್ತಾರೆ. ಒಂದು, ಅಧ್ಯಕ್ಷರ ಕಚೇರಿಯ ಕಡತಗಳು. ಇವು ಕೋನಂಟ್‌ರದಲ್ಲ, ವಿಶ್ವವಿದ್ಯಾಲಯದ್ದು. ಅವರು ಹೋದ ಮೇಲೂ ಅಲ್ಲೇ ಉಳಿಯಬೇಕಾದವು. ಇನ್ನೊಂದು, ಅವರ ವೈಯಕ್ತಿಕ ಕಾಗದಪತ್ರ. ಇಂಥ ಸಂಗ್ರಹದಲ್ಲಿ ಸಾಮಾನ್ಯವಾಗಿ ಸಿಗುವುದು ಮನೆಯವರ ಪತ್ರ, ಭಾಷಣದ ಕರಡು, ಆತ್ಮಕಥೆಗೆ ಮಾಡಿಕೊಂಡ ಟಿಪ್ಪಣಿ, ನಿವೃತ್ತಿಯ ನಂತರದ ಪತ್ರವ್ಯವಹಾರ. ನೀವು ನೋಡಿದ್ದು ಈ ಎರಡನೆಯದರ ಪಟ್ಟಿ ಇರಬೇಕು. ಅದರಲ್ಲಿ ಬಾಂಬ್ ಯಾಕಿರಬೇಕು? ರಹಸ್ಯ ಯೋಜನೆಯ ಕಾಗದವನ್ನು ಯಾರೂ ಮನೆಗೆ ತಂದು ಕಪಾಟಿನಲ್ಲಿ ಇಡುತ್ತಿರಲಿಲ್ಲ. ಇಡಬಾರದಿತ್ತು ಕೂಡ.

ಅಧ್ಯಕ್ಷರ ಕಡತಗಳನ್ನು ಮಾತ್ರ ಬಿಡಬೇಡಿ. ಸರ್ಕಾರಕ್ಕೆ ಕಾಲಿಡುವ ಮೊದಲೇ ಅಧ್ಯಕ್ಷರ ಕುರ್ಚಿಗೆ ರಾಜಕೀಯ ಹೇಗೆ ಬಂದು ತಗುಲುತ್ತಿತ್ತು ಅನ್ನುವುದು ಅಲ್ಲಿ ಕಾಣುತ್ತದೆ. 1934ರಲ್ಲಿ ಹಿಟ್ಲರನ ವಿದೇಶಿ ಪತ್ರಿಕಾ ವಿಭಾಗ ನೋಡಿಕೊಳ್ಳುತ್ತಿದ್ದ ಅರ್ನ್ಸ್ಟ್ ಹಾನ್ಫ್‌ಶ್ಟೇಂಗ್ಲ್ ತನ್ನ ಬ್ಯಾಚಿನ 25ನೇ ವರ್ಷದ ಕೂಟಕ್ಕೆ ಹಾರ್ವರ್ಡ್‌ಗೆ ಬಂದ. ಅವನು 1909ರ ಬ್ಯಾಚು. ಹಾರ್ವರ್ಡ್ ವಿದ್ಯಾರ್ಥಿಗೆ ಜರ್ಮನಿಯಲ್ಲಿ ಓದಲು ಸ್ಕಾಲರ್‌ಶಿಪ್ ಕೊಡುತ್ತೇನೆ ಅಂದ. ಕೋನಂಟ್ ಆಡಳಿತ ಬೇಡ ಅಂದಿತು. ಆದರೆ 1936ರಲ್ಲಿ ನಾಜಿಗಳ ಹಿಡಿತದಲ್ಲಿದ್ದ ಹೈಡೆಲ್‌ಬರ್ಗ್ ವಿಶ್ವವಿದ್ಯಾಲಯದ 550ನೇ ವಾರ್ಷಿಕೋತ್ಸವಕ್ಕೆ ಅದೇ ಹಾರ್ವರ್ಡ್ ಪ್ರತಿನಿಧಿ ಕಳಿಸಿತು. ಎರಡನ್ನೂ ಅಕ್ಕಪಕ್ಕ ಇಟ್ಟು ಓದಿ. ಇದೇ ಮನುಷ್ಯ ಮುಂದೆ ಜರ್ಮನಿಗೆ ಹೈ ಕಮಿಷನರ್ ಆಗಿ ಹೋದದ್ದು.

ಇನ್ನು ಮುಚ್ಚಿದ ಬಾಕ್ಸ್. ಹಾರ್ವರ್ಡ್‌ನ ನಿಯಮ ಸರಳ. ಆಡಳಿತದ ಕಡತ 50 ವರ್ಷ ಮುಚ್ಚಿರುತ್ತದೆ. ವಿದ್ಯಾರ್ಥಿಗಳ, ಸಿಬ್ಬಂದಿಯ ವೈಯಕ್ತಿಕ ಕಡತ 80 ವರ್ಷ. ಲೆಕ್ಕ ಹಾಕಿ ನೋಡಿ. ಕೋನಂಟ್ ಕಾಲದ ಸಾಮಾನ್ಯ ಆಡಳಿತ ಕಡತಗಳ 50 ವರ್ಷ 2003ಕ್ಕೇ ಮುಗಿಯಿತು. ಆದರೆ 1950ರಲ್ಲಿ ಒಬ್ಬ ಅಧ್ಯಾಪಕರ ನೇಮಕದ ಬಗ್ಗೆ ತೆರೆದ ಕಡತ 2030ರ ತನಕ ಸಿಗುವುದಿಲ್ಲ. ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿ ಕಮ್ಯುನಿಸ್ಟ್ ಬೇಟೆ ನಡೆದದ್ದು ಸರಿಯಾಗಿ ಇದೇ ವರ್ಷಗಳಲ್ಲಿ. ನಿಮಗೆ ಎಲ್ಲಕ್ಕಿಂತ ಬೇಕಾದ ಕಾಗದವೇ 80 ವರ್ಷದ ಬೀಗದೊಳಗೆ ಇರುವ ಹಾಗಾಯಿತು. ಸಿಟ್ಟು ಬರುತ್ತದೆ, ನನಗೂ ಬಂದಿದೆ. ಆದರೆ ಒಬ್ಬ ಮನುಷ್ಯನ ಕೆಲಸ ಹೋಯಿತೋ ಉಳಿಯಿತೋ ಅನ್ನುವ ಕಡತ ಅದು. ಅವರ ಮಕ್ಕಳು ಇನ್ನೂ ಇರುತ್ತಾರೆ. ಈ ಬೀಗವನ್ನು ಪಿತೂರಿ ಅಂತ ಬರೆಯಬೇಡಿ. ಒಂದೇ ಬಾಕ್ಸಿನಲ್ಲಿ ಎರಡು ಥರದ ಕಡತವೂ ಇದ್ದರೆ, ಫೋಲ್ಡರ್ ಹೆಸರು ಹೇಳಿ ಕೇಳಿ. ಪೂರ್ತಿ ಬಾಕ್ಸಿಗೆ ಇಲ್ಲ ಅಂದವರು ಒಂದು ಫೋಲ್ಡರ್ ನೋಡಿ ಹೇಳುತ್ತೇವೆ ಅನ್ನುವುದುಂಟು.

ಈಗ ಬಾಂಬಿಗೆ ಬರೋಣ. ಅದು ಇರುವುದು ಅಮೆರಿಕದ ರಾಷ್ಟ್ರೀಯ ಪತ್ರಾಗಾರದಲ್ಲಿ. ಬುಷ್ ಮತ್ತು ಕೋನಂಟ್ ಇಬ್ಬರ ಹೆಸರಿನಲ್ಲಿ ಒಂದು ಕಡತ ಸಮೂಹವೇ ಇದೆ. ಅದು ರೆಕಾರ್ಡ್ ಗ್ರೂಪ್ 227ರಲ್ಲಿ, ಅಂದರೆ ಯುದ್ಧಕಾಲದ ವೈಜ್ಞಾನಿಕ ಸಂಶೋಧನಾ ಕಚೇರಿಯ ದಾಖಲೆಗಳ ಒಳಗೆ ಬರುತ್ತದೆ. ಮೈಕ್ರೋಫಿಲಂ ಆಗಿದೆ. ಇದರಲ್ಲಿರುವ ಒಂದು ಟಿಪ್ಪಣಿಯನ್ನು ಮಾತ್ರ ಏನೇ ಆದರೂ ಓದಿ. 1945ರ ಜುಲೈ 16ರ ಬೆಳಗಿನ ಜಾವ ನ್ಯೂ ಮೆಕ್ಸಿಕೋದ ಮರುಭೂಮಿಯಲ್ಲಿ ಮೊದಲ ಬಾಂಬ್ ಪರೀಕ್ಷೆ ನಡೆಯಿತು. ಕೋನಂಟ್ ಅಲ್ಲಿದ್ದರು. ಮರುದಿನವೇ ಕೂತು ಬರೆದಿಟ್ಟರು. ಬಾಂಬಿಗೆ ಬೆನ್ನು ಹಾಕಿ ನೆಲಕ್ಕೆ ಹೊಟ್ಟೆ ಊರಿ ಮಲಗಿದ್ದಾರೆ. ಒಂದು ಕ್ಷಣದ ಮಿಂಚು ಬಂದು ಹೋಗುತ್ತದೆ ಅಂದುಕೊಂಡಿದ್ದಾರೆ. ಬಂದದ್ದು ಆಕಾಶವೆಲ್ಲ ತುಂಬಿದ ಬಿಳಿ ಬೆಳಕು, ಅದು ಹೋಗುತ್ತಲೇ ಇಲ್ಲ. ಆಗ ಅವರಿಗೆ ಬಂದ ಮೊದಲ ಯೋಚನೆ, ಏನೋ ಎಡವಟ್ಟಾಗಿದೆ, ಗಾಳಿಗೇ ಬೆಂಕಿ ಹತ್ತಿಕೊಂಡಿದೆ ಅಂತ. ಹಾಗಾಗಬಹುದು ಅನ್ನುವುದನ್ನು ಒಂದು ಕಾಲಕ್ಕೆ ವಿಜ್ಞಾನಿಗಳು ಗಂಭೀರವಾಗಿಯೇ ಚರ್ಚಿಸಿದ್ದರು. ಕೆಲವು ನಿಮಿಷ ಮೊದಲು ಅಲ್ಲೇ ಅದರ ಬಗ್ಗೆ ತಮಾಷೆಯೂ ಆಗಿತ್ತು.

ಇಷ್ಟು ಖಾಸಗಿ ಭಯವನ್ನು ಬರೆದ ಹಾಳೆ ಯಾವ ಕಡತದಲ್ಲಿದೆ ನೋಡಿ. ಸರ್ಕಾರದ್ದರಲ್ಲಿ. ವೈಯಕ್ತಿಕ ಅಂತ ಹೆಸರು ಹೊತ್ತ ಬಾಕ್ಸಿನಲ್ಲಿ ವೈಯಕ್ತಿಕವಾದದ್ದೆಲ್ಲ ಸಿಗುತ್ತದೆ ಅಂತ ನಂಬಿ ಕೂರಬೇಡಿ.

ಅದೇ ವರ್ಷದ ಮೇ 31ರ ಇನ್ನೊಂದು ಕಾಗದವನ್ನು ನಿಧಾನವಾಗಿ ಓದಬೇಕು. ಬಾಂಬ್ ಬಗ್ಗೆ ಸಲಹೆ ಕೊಡಲು ಯುದ್ಧ ಕಾರ್ಯದರ್ಶಿ ಹೆನ್ರಿ ಸ್ಟಿಮ್ಸನ್ ಮಾಡಿದ್ದ ಮಧ್ಯಂತರ ಸಮಿತಿಯ ಸಭೆಯ ನಡಾವಳಿ ಅದು. ಜಪಾನಿಗೆ ಮುನ್ನೆಚ್ಚರಿಕೆ ಕೊಡುವುದು ಸಾಧ್ಯವಿಲ್ಲ, ನಾಗರಿಕರ ಪ್ರದೇಶವನ್ನೇ ಗುರಿ ಮಾಡಬಾರದು, ಆದರೆ ಆದಷ್ಟು ಜನರ ಮನಸ್ಸಿನ ಮೇಲೆ ಭಾರಿ ಪರಿಣಾಮ ಆಗಬೇಕು ಅಂತ ಅದರಲ್ಲಿದೆ. ಅದರ ಬೆನ್ನಿಗೇ, ಡಾ. ಕೋನಂಟ್ ಸಲಹೆಯಂತೆ ಅಂತ ಶುರುವಾಗಿ, ತುಂಬಾ ಕಾರ್ಮಿಕರು ದುಡಿಯುವ, ಸುತ್ತ ಕಾರ್ಮಿಕರ ಮನೆಗಳು ಒತ್ತಿಕೊಂಡಿರುವ ಮುಖ್ಯ ಯುದ್ಧ ಕಾರ್ಖಾನೆಯೇ ಅತ್ಯುತ್ತಮ ಗುರಿ ಅಂತ ಸ್ಟಿಮ್ಸನ್ ಒಪ್ಪಿದರು ಅಂತಿದೆ. ನಾಗರಿಕರು ಬೇಡ ಅಂದ ಮಾತಿನ ಶಾಯಿ ಆರುವ ಮೊದಲೇ ಕಾರ್ಮಿಕರ ಮನೆಗಳು ಬಂದುಬಿಟ್ಟವು.

ಕೋನಂಟ್ ಬಗ್ಗೆ ಬರೆಯುವವರೆಲ್ಲ ಈ ಸಾಲನ್ನು ಎತ್ತಿಕೊಳ್ಳುತ್ತಾರೆ. ನೀವೂ ಎತ್ತಿಕೊಳ್ಳಿ, ಆದರೆ ಇದು ಅವರ ಕೈಬರಹ ಅಲ್ಲ ಅನ್ನುವುದನ್ನು ಸೇರಿಸಿ. ಬರೆದವರು ಸಮಿತಿಯ ಕಾರ್ಯದರ್ಶಿ, ಗಾರ್ಡನ್ ಆರ್ನೆಸನ್ ಅನ್ನುವ ಯುವ ಸೈನ್ಯಾಧಿಕಾರಿ. ಇಡೀ ದಿನದ ಮಾತನ್ನು ಅವರು ಕೆಲವು ಪುಟಕ್ಕೆ ಇಳಿಸಿದ್ದಾರೆ. ಕೋನಂಟ್ ಬಾಯಿಂದ ಬಂದದ್ದು ಎಷ್ಟು, ಕಾರ್ಯದರ್ಶಿಯ ಪೆನ್ನಿನಿಂದ ಬಂದದ್ದು ಎಷ್ಟು ಅಂತ ಬೇರೆ ಮಾಡಲಾಗದು. ನಮ್ಮ ಸಿಂಡಿಕೇಟ್ ಸಭೆಯ ನಡಾವಳಿ ಓದಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ, ಅಲ್ವಾ?

ಪತ್ರಗಳ ವಿಷಯದಲ್ಲಿ ಇನ್ನೊಂದು ಮಾತು. ಕಳಿಸಿದ ಪತ್ರದ ಅಸಲು ಇರುವುದು ತಲುಪಿದವರ ಹತ್ತಿರ. ಬರೆದವರ ಕಡತದಲ್ಲಿ ಉಳಿಯುವುದು ಕಾರ್ಬನ್ ಪ್ರತಿ, ಅದೂ ಸೆಕ್ರೆಟರಿ ಜಾಗ್ರತೆಯವರಾಗಿದ್ದರೆ. ಆದ್ದರಿಂದ ಸ್ಟಿಮ್ಸನ್ ಕಾಗದಗಳಿಗೆ ಯೇಲ್ ವಿಶ್ವವಿದ್ಯಾಲಯ ನೋಡಬೇಕು. ಬುಷ್ ಮತ್ತು ಬಾಂಬ್ ತಯಾರಿಸಿದ ಪ್ರಯೋಗಾಲಯದ ಮುಖ್ಯಸ್ಥ ಓಪನ್‌ಹೈಮರ್ ಇಬ್ಬರ ಕಾಗದಗಳೂ ವಾಷಿಂಗ್ಟನ್ನಿನ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿ ಇವೆ. ಕಾರ್ಬನ್ ಪ್ರತಿ ಸಿಕ್ಕಾಗ ಪುಟದ ಎಡಗಡೆ ಕೆಳಗೆ ನೋಡಿ. ಪತ್ರ ಹೇಳಿ ಬರೆಸಿದವರ ಇನಿಷಿಯಲ್, ಪಕ್ಕದಲ್ಲಿ ಟೈಪ್ ಮಾಡಿದವರದು ಇರುತ್ತದೆ. ಸಹಿ ಅಧ್ಯಕ್ಷರದು, ಆದರೆ ಇನಿಷಿಯಲ್ ಬೇರೆಯವರದು ಅಂದರೆ ಆ ಮಾತು ಯಾರದು ಅಂತ ಒಮ್ಮೆ ಯೋಚಿಸಿ. ಸ್ಕ್ಯಾನ್ ತರಿಸುವಾಗ ಅಂಚು ಕತ್ತರಿಸದೆ ಪೂರ್ತಿ ಪುಟ ಕಳಿಸಿ ಅಂತ ಹೇಳುವುದು ಇದಕ್ಕೇ.

ಅಸಲು ಒಂದು ಕಡೆ, ಪ್ರತಿ ಇನ್ನೊಂದು ಕಡೆ ಇದ್ದರೆ ಏನೇನು ಆಗಬಹುದು ಅನ್ನುವುದಕ್ಕೆ ಕೋನಂಟ್‌ಗೆ ಬಂದ ಒಂದು ಪತ್ರವೇ ಸಾಕ್ಷಿ. 1949ರ ಅಕ್ಟೋಬರ್‌ನಲ್ಲಿ, ಹೈಡ್ರೋಜನ್ ಬಾಂಬ್ ಮಾಡಬೇಕೋ ಬೇಡವೋ ಅನ್ನುವ ಚರ್ಚೆ ಕಾವೇರಿದ್ದಾಗ, ಓಪನ್‌ಹೈಮರ್ ಕೋನಂಟ್‌ಗೆ ಒಂದು ಪತ್ರ ಬರೆದರು. ಶುರುವಾಗುವುದು ಡಿಯರ್ ಅಂಕಲ್ ಜಿಮ್ ಅಂತ. ಜಿಮ್ ಅಂದರೆ ಜೇಮ್ಸ್. ಸಂಬಂಧಿಕರೇನಲ್ಲ, ಸಲಿಗೆ ಅಷ್ಟೇ. ಓಪನ್‌ಹೈಮರ್ ಆಗ ಅಣುಶಕ್ತಿ ಆಯೋಗದ ಸಲಹಾ ಸಮಿತಿಯ ಅಧ್ಯಕ್ಷರು, ಕೋನಂಟ್ ಸದಸ್ಯರು. ಅಧ್ಯಕ್ಷರು ಸದಸ್ಯರಿಗೆ ಬರೆದದ್ದು ಅಂದರೆ ಅಧಿಕೃತ. ಅಂಕಲ್ ಜಿಮ್ ಅಂದರೆ ಖಾಸಗಿ. ಎರಡರಲ್ಲಿ ಯಾವುದು? 1954ರಲ್ಲಿ ಓಪನ್‌ಹೈಮರ್ ಮೇಲೆ ಭದ್ರತಾ ವಿಚಾರಣೆ (ಸರ್ಕಾರದ ಗುಟ್ಟುಗಳನ್ನು ಇವರ ಕೈಗೆ ಕೊಡಬಹುದೇ ಅನ್ನುವ ವಿಚಾರಣೆ) ನಡೆದಾಗ ಸರ್ಕಾರದ ಕಡೆಯ ವಕೀಲರು ಇದೇ ಪತ್ರ ಹಿಡಿದು ಅವರನ್ನು ಪ್ರಶ್ನಿಸಿದರು. ಕೋನಂಟ್ ಆಗ ಸರ್ಕಾರದ ಹೈ ಕಮಿಷನರ್. ಆದರೂ ಬಂದು ಓಪನ್‌ಹೈಮರ್ ಪರ ಸಾಕ್ಷಿ ಹೇಳಿದರು. ವಿಚಾರಣೆಯಲ್ಲಿ ಆಡಿದ ಮಾತುಗಳ ದಾಖಲೆ ಅದೇ ವರ್ಷ ಅಚ್ಚಾಯಿತು, ತೆಗೆದಿದ್ದ ಭಾಗಗಳನ್ನು ಸೇರಿಸಿ 2014ರಲ್ಲಿ ಪೂರ್ತಿ ಬಿಡುಗಡೆ ಮಾಡಿದರು. ಉಚಿತವಾಗಿ ಸಿಗುತ್ತದೆ. ನಿಮ್ಮ ವಿಷಯಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ಹೆಸರೇ ಹಾಕಿಕೊಳ್ಳದೆ ಮಾಡಿದ ಕೆಲಸವನ್ನೂ ಮರೆಯಬೇಡಿ. ಹಿರೋಷಿಮಾ ಆಗಿ ಒಂದು ವರ್ಷ ಕಳೆದ ಮೇಲೆ ಬಾಂಬ್ ಹಾಕಿದ್ದು ಸರಿಯಲ್ಲ ಅನ್ನುವ ದನಿ ಅಮೆರಿಕದಲ್ಲೇ ಏಳತೊಡಗಿತು. ಕೋನಂಟ್‌ಗೆ ಇದು ಕಳವಳ ತಂದಿತು. 1946ರ ಸೆಪ್ಟೆಂಬರ್‌ನಲ್ಲಿ ಸ್ಟಿಮ್ಸನ್ ಅವರ ಹಳೇ ಸಹಾಯಕ ಹಾರ್ವೇ ಬಂಡಿಗೆ ಪತ್ರ ಬರೆದು, ಯಾರಾದರೂ ಹಿರಿಯರು ಉತ್ತರ ಕೊಡಬೇಕು, ಸ್ಟಿಮ್ಸನ್ ಆದರೆ ಒಳ್ಳೆಯದು ಅಂದರು. 1947ರ ಫೆಬ್ರವರಿಯ ಹಾರ್ಪರ್ಸ್ ಪತ್ರಿಕೆಯಲ್ಲಿ ಸ್ಟಿಮ್ಸನ್ ಲೇಖನ ಬಂತು. ಬಾಂಬ್ ಯಾಕೆ ಹಾಕಿದೆವು ಅನ್ನುವುದಕ್ಕೆ ಬಹಳ ಕಾಲ ಅಮೆರಿಕನ್ನರು ಕೊಡುತ್ತಿದ್ದ ಉತ್ತರ ಅದೇ. ಅಚ್ಚಿಗೆ ಹೋಗುವ ಮುಂಚೆ ಕರಡನ್ನು ಕೋನಂಟ್ ತಿದ್ದಿದ್ದರು. ಲೇಖನದ ಮೇಲೆ ಅವರ ಹೆಸರಿಲ್ಲ. ಇದನ್ನು ಅವರು ಹಾರ್ವರ್ಡ್ ಅಧ್ಯಕ್ಷರಾಗಿ ಮಾಡಿದರೋ, ಸರ್ಕಾರದ ಮನುಷ್ಯರಾಗಿಯೋ? ಈ ಪ್ರಶ್ನೆಯನ್ನು ಅಧ್ಯಾಯದಲ್ಲಿ ಹಾಗೇ ಇಡಿ, ಉತ್ತರಿಸಲು ಆತುರ ಬೇಡ.

ಯುದ್ಧದ ನಂತರ ಅವರು ಹಾರ್ವರ್ಡ್ ಲೈಬ್ರರಿಯನ್ ಕೀಸ್ ಮೆಟ್‌ಕಾಫ್ ಜೊತೆ ಆಡಿದ ಒಂದು ಗುಟ್ಟಿನ ಮಾತೂ ಇದೇ ಜಾತಿಯದು. ಅಣುಯುದ್ಧವಾದರೆ ನಾಗರಿಕತೆಗೆ ಬೇಕಾದ ಮುಖ್ಯ ಪುಸ್ತಕಗಳನ್ನಾದರೂ ಉಳಿಸಿಕೊಳ್ಳಬೇಕು, ಮೈಕ್ರೋಫಿಲಂ ಮಾಡಿ ದೇಶದ ಬೇರೆ ಬೇರೆ ಕಡೆ ಹೂತಿಡಬಹುದೇ ಅಂತ ಕೇಳಿದ್ದರು. ಯೋಜನೆ ನಡೆಯಲಿಲ್ಲ. ಆದರೆ ಆ ಪ್ರಶ್ನೆ ಕೇಳಲು ಬಾಂಬಿನ ಒಳಗುಟ್ಟು ಗೊತ್ತಿರಬೇಕಿತ್ತು, ಕೈಕೆಳಗೆ ದೊಡ್ಡ ಲೈಬ್ರರಿಯೂ ಇರಬೇಕಿತ್ತು.

ಜರ್ಮನಿಯ ವರ್ಷಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅದೆಲ್ಲ ವಿದೇಶಾಂಗ ಇಲಾಖೆಯ ದಾಖಲೆ. ಹೈ ಕಮಿಷನರ್ ಕಚೇರಿಯದು ರೆಕಾರ್ಡ್ ಗ್ರೂಪ್ 466. ಮುಖ್ಯ ತಂತಿ ಸಂದೇಶಗಳನ್ನು ಅಮೆರಿಕ ಸರ್ಕಾರವೇ ಸಂಪುಟ ಮಾಡಿ ಅಚ್ಚು ಹಾಕಿದೆ, ಮನೆಯಲ್ಲೇ ಕೂತು ಓದಬಹುದು. ಅಂದಹಾಗೆ ಅವರನ್ನು ಅಲ್ಲಿಗೆ ಕಳಿಸಿದ ಐಸೆನ್‌ಹೋವರ್ ಕೂಡ ಅಮೆರಿಕದ ಅಧ್ಯಕ್ಷರಾಗುವ ಮುಂಚೆ ಕೊಲಂಬಿಯಾ ವಿಶ್ವವಿದ್ಯಾಲಯದ ಅಧ್ಯಕ್ಷರಾಗಿದ್ದವರು.

ಸರ್ಕಾರದ ಫೋಲ್ಡರಿನಲ್ಲಿ ಕೆಲವೊಮ್ಮೆ ಕಾಗದದ ಬದಲು ಒಂದು ಚೀಟಿ ಸಿಗುತ್ತದೆ. ಇಂಥ ದಿನಾಂಕದ, ಇಂಥವರಿಂದ ಇಂಥವರಿಗೆ ಹೋದ, ಇಷ್ಟು ಪುಟದ ಕಾಗದವನ್ನು ಈ ಕಾರಣಕ್ಕೆ ತೆಗೆದಿದ್ದೇವೆ ಅಂತ ಅದರಲ್ಲಿ ಬರೆದಿರುತ್ತದೆ. ಅದನ್ನೂ ಟಿಪ್ಪಣಿ ಮಾಡಿಕೊಳ್ಳಿ. ಆ ದಿನ ಯಾರು ಯಾರಿಗೆ ಬರೆದರು ಅನ್ನುವುದು ಅಷ್ಟರಿಂದಲೇ ಗೊತ್ತಾಯಿತು. ಅಲ್ಲಿನ ಮಾಹಿತಿ ಹಕ್ಕಿನ ಕಾಯ್ದೆಯಡಿ ಯಾವ ದೇಶದವರಾದರೂ ಅರ್ಜಿ ಹಾಕಬಹುದು. ಉತ್ತರಕ್ಕೆ ವರ್ಷಗಟ್ಟಲೆ ಕಾಯಬೇಕಾಗಬಹುದು, ಪಿಎಚ್‌ಡಿ ಅವಧಿ ಲೆಕ್ಕ ಇಟ್ಟುಕೊಂಡು ಹಾಕಿ. ಆದರೆ ಆ ಕಾಯ್ದೆ ಫೆಡರಲ್ ಇಲಾಖೆಗಳಿಗೆ ಮಾತ್ರ. ಹಾರ್ವರ್ಡ್ ಖಾಸಗಿ ಸಂಸ್ಥೆ, ಅದಕ್ಕೆ ಅನ್ವಯಿಸುವುದಿಲ್ಲ.

1970ರಲ್ಲಿ ಬಂದ ಅವರ ಆತ್ಮಕಥೆಯನ್ನು ಕೊನೆಗೆ ಓದಿ ಅಂತ ನನ್ನ ಸಲಹೆ. ಮೊದಲೇ ಓದಿದರೆ ಕಡತಗಳನ್ನೂ ಅವರ ಕಣ್ಣಿನಿಂದಲೇ ನೋಡುತ್ತೀರಿ. ಕಡತ ನೋಡಿ ಆಮೇಲೆ ಓದಿದರೆ, ಅವರು ಏನನ್ನು ಹೇಳದೆ ದಾಟಿಹೋದರು ಅನ್ನುವುದು ತಾನಾಗಿ ಕಾಣುತ್ತದೆ.

ಇಲ್ಲಿಂದಲೇ ಎಷ್ಟು ಆಗುತ್ತದೆ ಅಂದಿರಿ. ಸಾಕಷ್ಟು ಆಗುತ್ತದೆ. ಮೊದಲು ಉಚಿತವಾಗಿ ಸಿಗುವುದನ್ನು ಮುಗಿಸಿ: ಓಪನ್‌ಹೈಮರ್ ವಿಚಾರಣೆಯ ದಾಖಲೆ, ಮಧ್ಯಂತರ ಸಮಿತಿಯ ನಡಾವಳಿ, ಜರ್ಮನಿಯ ಸಂಪುಟಗಳು. ಆಮೇಲೆ ಹಾರ್ವರ್ಡ್‌ಗೆ ಇಮೇಲ್ ಮಾಡಿ. ಕೋನಂಟ್ ಬಗ್ಗೆ ಇರುವುದೆಲ್ಲ ಬೇಕು ಅಂತ ಬರೆದರೆ ಪಟ್ಟಿ ನೋಡಿ ಅಂತ ಒಂದು ಸಾಲಿನ ಉತ್ತರ ಬರುತ್ತದೆ, ಅದು ಅವರ ತಪ್ಪೂ ಅಲ್ಲ. ಸಂಗ್ರಹದ ಹೆಸರು, ಬಾಕ್ಸ್ ನಂಬರು, ಫೋಲ್ಡರ್ ಹೆಸರು, ವರ್ಷ, ನಿಮಗೆ ಯಾಕೆ ಬೇಕು ಅನ್ನುವ ಎರಡು ಸಾಲು, ಇಷ್ಟಿರಲಿ. ಸ್ಕ್ಯಾನಿಗೆ ಎಷ್ಟಾಗುತ್ತದೆ ಅಂತ ಮೊದಲೇ ಕೇಳಿಕೊಳ್ಳಿ.

ಹೋಲಿಕೆಗೆ ನಮ್ಮವರೊಬ್ಬರು ಬೇಕಿದ್ದರೆ ವಿ.ಕೆ.ಆರ್.ವಿ. ರಾವ್ ಅವರನ್ನು ನೋಡಿ. ದೆಹಲಿ ವಿಶ್ವವಿದ್ಯಾಲಯದ ವಿಸಿ, ಬಳ್ಳಾರಿಯ ಸಂಸದ, ಕೇಂದ್ರ ಸಚಿವ, 1972ರಲ್ಲಿ ಬೆಂಗಳೂರಿನ ಐಸೆಕ್ (ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆಯ ಅಧ್ಯಯನ ಸಂಸ್ಥೆ) ಸಂಸ್ಥಾಪಕ. ಅಲ್ಲೂ ಇದೇ ಕೆಲಸ: ಕುರ್ಚಿ, ವರ್ಷ, ಆ ಕಚೇರಿಯ ಕಡತ ಈಗ ಯಾರ ಹತ್ತಿರ.

ಕೊನೆಗೆ ಕಾಪಿರೈಟ್. ಥೀಸಿಸ್ ಮುಂದೆ ಪುಸ್ತಕ ಆಗುವಾಗ ಇದು ಕಾಡುತ್ತದೆ. ಅಮೆರಿಕದ ಫೆಡರಲ್ ಅಧಿಕಾರಿ ಕೆಲಸದ ಭಾಗವಾಗಿ ಬರೆದದ್ದಕ್ಕೆ ಅಲ್ಲಿ ಕಾಪಿರೈಟ್ ಇಲ್ಲ. ಹೈ ಕಮಿಷನರ್ ಕೋನಂಟ್ ಕಳಿಸಿದ ತಂತಿಯನ್ನು ಪೂರ್ತಿ ಅಚ್ಚು ಹಾಕಬಹುದು. ಅದೇ ವಾರ ಅವರು ಮನೆಯವರಿಗೆ ಬರೆದ, ಎಲ್ಲೂ ಪ್ರಕಟವಾಗದ ಪತ್ರದ ಹಕ್ಕು ಮಾತ್ರ ಅವರು ತೀರಿಕೊಂಡ 70 ವರ್ಷದವರೆಗೆ, ಅಂದರೆ 2048ರ ಕೊನೆಯ ತನಕ, ವಾರಸುದಾರರದು. ಪತ್ರದ ಕಾಗದ ಆರ್ಕೈವ್ಸ್‌ನದಾದರೂ ಮಾತಿನ ಹಕ್ಕು ಅದರ ಜೊತೆ ಬಂದಿರಲೇಬೇಕು ಅಂತಿಲ್ಲ. ಹಾರ್ವರ್ಡ್ ಅಧ್ಯಕ್ಷರಾಗಿ ಬರೆದದ್ದಕ್ಕೆ ಅನುಮತಿ ಯಾರು ಕೊಡಬೇಕು ಅನ್ನುವುದನ್ನು ಆರ್ಕೈವ್ಸ್‌ನವರನ್ನೇ ಲಿಖಿತವಾಗಿ ಕೇಳಿ, ಉತ್ತರವನ್ನು ಜೋಪಾನವಾಗಿಡಿ. ಪ್ರಕಾಶಕರು ಮೊದಲು ಕೇಳುವುದೇ ಅದನ್ನು.